ರಾ ಚಿತ್ರಗಳನ್ನು ಬೇರೆಯವರ ಕೈಗೆ ಕೊಡದೆ ಜೆಪೆಗ್ ಮಾಡುವುದು ಹೇಗೆ?

ಮಸುಕುಗಾಜು

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಕಳೆದ ವಾರ ವಿಶೇಷ ಮಕ್ಕಳ ಶಾಲೆಯೊಂದರ ವಾರ್ಷಿಕ ಸಮಾರಂಭದ ಚಿತ್ರಗಳನ್ನು ತೆಗೆದುಕೊಟ್ಟೆ. ಸಂಭಾವನೆಯಿಲ್ಲದ ಕೆಲಸ, ಒಪ್ಪಿಕೊಂಡ ಷರತ್ತು ಒಂದೇ. ಮಕ್ಕಳ ಮುಖಗಳು ಶಾಲೆಯವರ ಮತ್ತು ಪೋಷಕರ ಕೈ ದಾಟಿ ಎಲ್ಲಿಗೂ ಹೋಗಬಾರದು. ಕ್ಯಾಮೆರಾ ರಾ ಸ್ಥಿತಿಯಲ್ಲಿತ್ತು, ಅಂದರೆ ಬೆಳಕಿನ ಅಳತೆಗಳನ್ನು ಸಂಸ್ಕರಿಸದೆ ಹಾಗೆಯೇ ಉಳಿಸುವ ಸ್ಥಿತಿ. ಒಟ್ಟು 640 ಎನ್‌ಇಎಫ್ ಕಡತಗಳು, ನಿಕಾನ್‌ನ ರಾ ಕಡತಕ್ಕೆ ಅದೇ ಹೆಸರು. ಶಾಲೆಯ ಕಂಪ್ಯೂಟರಿನಲ್ಲಿ ಒಂದೂ ತೆರೆಯಲಿಲ್ಲ. ಜೆಪೆಗ್ ಮಾಡಿಕೊಡಿ ಎಂದರು.

ಹುಡುಕಿದಾಗ ಮೊದಲು ಸಿಕ್ಕ ಉಚಿತ ಪರಿವರ್ತನಾ ಜಾಲತಾಣಕ್ಕೆ ಹನ್ನೆರಡು ಕಡತಗಳನ್ನು ಎಳೆದು ಹಾಕಿದೆ. ಹದಿಮೂರನೆಯದಕ್ಕೆ ಕೈ ಹಾಕುವಾಗ, ಪರದೆಯ ಮೇಲೆ ನಿಧಾನವಾಗಿ ತೆವಳುತ್ತಿದ್ದ ಆ ನೀಲಿ ಪಟ್ಟಿ ಏನನ್ನು ಹೊತ್ತೊಯ್ಯುತ್ತಿದೆ ಎಂಬುದು ಹೊಳೆಯಿತು. ಒಂದು ಹುಡುಗಿಯ ಮುಖ, ಪೂರ್ಣ ಗಾತ್ರದಲ್ಲಿ, ಯಾರದೋ ಸರ್ವರಿಗೆ ಹೋಗುತ್ತಿತ್ತು. ಕೂಡಲೇ ನಿಲ್ಲಿಸಿದೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಳಿಸುತ್ತೇವೆ ಎಂದು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದೆ. ನಂಬಬೇಕೋ ಬಿಡಬೇಕೋ ತಿಳಿಯುತ್ತಿಲ್ಲ.

ಉಳಿದ 628 ಚಿತ್ರಗಳನ್ನು ನನ್ನ ಯಂತ್ರದಿಂದ ಹೊರಗೆ ಬಿಡದೆ ಪರಿವರ್ತಿಸಬೇಕು. ನಾನು ತಂತ್ರಜ್ಞನಲ್ಲ. ದಾರಿ ಹೇಳಿ.

ನೆಗೆಟಿವ್‌ಡಬ್ಬಿ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ಎಂದು ಕೊರಗಬೇಡಿ, ಹನ್ನೆರಡಕ್ಕೇ ನಿಲ್ಲಿಸಿದ್ದೀರಿ. ಆ ತಾಣದವರಿಗೆ ಕಡತಗಳನ್ನು ಅಳಿಸಿ ಎಂದು ಬರಹದಲ್ಲಿ ಕೇಳಿ, ಶಾಲೆಗೂ ವಿಷಯ ತಿಳಿಸಿ. ಅದಕ್ಕಿಂತ ಹೆಚ್ಚಿನದು ನಿಮ್ಮ ಕೈಯಲ್ಲಿಲ್ಲ.

ಈಗ ಮುಖ್ಯ ಮಾತು. ರಾ ಕಡತ ಎಂದರೆ ಇನ್ನೂ ಚಿತ್ರವಾಗದ ಚಿತ್ರ. ಸಂವೇದಕದ ಪ್ರತಿಯೊಂದು ಬಿಂದುವೂ ಒಂದೇ ಬಣ್ಣದ ಬೆಳಕನ್ನು ಅಳೆಯುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇಂದಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿದೆ: ಅರ್ಧ ಬಿಂದುಗಳು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಪ್ರತಿ ಬಿಂದುವಿನಲ್ಲಿ ಇಲ್ಲದ ಉಳಿದೆರಡು ಬಣ್ಣಗಳನ್ನು ನೆರೆಹೊರೆಯ ಬಿಂದುಗಳನ್ನು ನೋಡಿ ಊಹಿಸುವುದೇ ಪರಿವರ್ತನೆಯ ಮೊದಲ ಕೆಲಸ. ಆಮೇಲೆ ಬಿಳಿ ಸಮತೋಲನ (ದೀಪದ ಬಣ್ಣ ಕಳೆದು ಬಿಳಿಯನ್ನು ಬಿಳಿಯಾಗಿಸುವುದು), ಹೊಳಪಿನ ವಕ್ರರೇಖೆ (ಕತ್ತಲು ಬೆಳಕಿನ ಹದ), ಕೊನೆಗೆ ಸಂಕೋಚನ (ಕಡತವನ್ನು ಚಿಕ್ಕದಾಗಿಸುವುದು). 14 ಬಿಟ್ ರಾ ಕಡತದಲ್ಲಿ ಬೆಳಕಿಗೆ 16,384 ಮೆಟ್ಟಿಲುಗಳಿರುತ್ತವೆ, ಜೆಪೆಗ್‌ನಲ್ಲಿ ಬಣ್ಣವೊಂದಕ್ಕೆ 256. ಇಷ್ಟನ್ನೂ ನಿಮ್ಮ ಕ್ಯಾಮೆರಾದ ಒಳಗಿನ ಪುಟ್ಟ ಚಿಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಅಂದ ಮೇಲೆ ನಿಮ್ಮ ಕಂಪ್ಯೂಟರಿಗೆ ದೂರದ ಸರ್ವರಿನ ಸಹಾಯ ಯಾಕೆ ಬೇಕು?

ಇನ್ನೊಂದು ವಿಷಯ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನೀವು ಹುಡುಕುತ್ತಿರುವ ಜೆಪೆಗ್ ಆ ಎನ್‌ಇಎಫ್ ಕಡತದ ಒಳಗೇ ಇದೆ.

ಮಸುಕುಗಾಜು

ಒಳಗೇ ಇದೆ ಎಂದರೆ? ನಾನು ರಾ ಮಾತ್ರ ಇರಲಿ ಎಂದು ಆಯ್ದುಕೊಂಡಿದ್ದೆ, ರಾ ಜೊತೆಗೆ ಜೆಪೆಗ್ ಎಂದಲ್ಲ.

ಸಾಲುಆಜ್ಞೆ

ರಾ ಮಾತ್ರ ಎಂದು ಆಯ್ದುಕೊಂಡರೂ ಕ್ಯಾಮೆರಾ ಒಂದು ಜೆಪೆಗ್ ತಯಾರಿಸಿ ಕಡತದೊಳಗೆ ಹುದುಗಿಸುತ್ತದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೀವು ಹಿಗ್ಗಿಸಿ ನೋಡುವುದು ಅದನ್ನೇ. ನಿಕಾನ್‌ನ ಬಹುಪಾಲು ಮಾದರಿಗಳಲ್ಲಿ, ಕ್ಯಾನನ್‌ನ ಹೆಚ್ಚಿನ ರಾ ಕಡತಗಳಲ್ಲಿ (ಸಿಆರ್2, ಸಿಆರ್3) ಅದು ಪೂರ್ಣ ಗಾತ್ರದ್ದು. ಸೋನಿಯ ಹಳೆಯ ಮಾದರಿಗಳಲ್ಲಿ ಮಾತ್ರ 1616 × 1080 ಬಿಂದುಗಳ ಚಿಕ್ಕ ಪ್ರತಿ.

ಅದನ್ನು ಹೊರತೆಗೆಯಲು ಫಿಲ್ ಹಾರ್ವಿ ಬರೆದ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಸಾಕು. ಉಚಿತ, ಕೆಲಸಕ್ಕೆ ಅಂತರ್ಜಾಲ ಬೇಡ. ಇಡೀ ಫೋಲ್ಡರನ್ನು ತೋರಿಸಿ, ಒಳಗಿನ ಜೆಪೆಗ್ ಅನ್ನು ಅದೇ ಹೆಸರಿನ ಹೊಸ ಕಡತವಾಗಿ ಬರೆ ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಅದರ ಕೈಪಿಡಿಯ ಉದಾಹರಣೆಗಳಲ್ಲೇ ಆ ಸಾಲು ಇದೆ. ಇಲ್ಲಿ ಬಣ್ಣದ ಊಹೆ, ವಕ್ರರೇಖೆ ಯಾವುದೂ ನಡೆಯುವುದಿಲ್ಲ, ಇದ್ದ ಬೈಟುಗಳನ್ನು ನಕಲಿಸುವುದಷ್ಟೇ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಸಾವಿರ ಕಡತಗಳು ಮುಗಿಯುವ ಮೊದಲು ಎದ್ದು ನೀರು ಕುಡಿದು ಬರುವಷ್ಟೂ ಸಮಯ ಸಿಗುವುದಿಲ್ಲ.

ಒಂದು ಎಚ್ಚರಿಕೆ. ನನ್ನ ಎನ್‌ಇಎಫ್‌ಗಳಿಂದ ಹೀಗೆ ಬಂದ ಜೆಪೆಗ್‌ಗಳಲ್ಲಿ ಮಾಹಿತಿ ಪಟ್ಟಿ (ತೆಗೆದ ದಿನ, ಕ್ಯಾಮೆರಾ ಮುಂತಾದ ವಿವರ) ಇರುವುದಿಲ್ಲ. ನಿಮ್ಮ ವಿಷಯದಲ್ಲಿ ಅದು ಒಳ್ಳೆಯದೇ, ಆದರೆ ಕ್ಯಾಮೆರಾವನ್ನು ಲಂಬವಾಗಿ ಹಿಡಿದಿದ್ದೆ ಎಂಬ ದಿಕ್ಕಿನ ಗುರುತೂ ಅದರೊಂದಿಗೇ ಹೋಗುತ್ತದೆ. ನಿಂತ ಮಕ್ಕಳೆಲ್ಲ ಮಲಗಿಬಿಡುತ್ತಾರೆ. ದಿಕ್ಕಿನ ಗುರುತೊಂದನ್ನು ಮಾತ್ರ ಮೂಲದಿಂದ ನಕಲಿಸು ಎಂದು ಎರಡನೆಯ ಆಜ್ಞೆ ಕೊಡಬೇಕು.

ಹಕ್ಕಿಹಿಂದೆ

ಹುದುಗಿದ ಜೆಪೆಗ್ ಒಳ್ಳೆಯ ಉಪಾಯ, ಆದರೆ ಅದನ್ನು ಎಲ್ಲದಕ್ಕೂ ಮದ್ದು ಎಂದು ಮಾರಬೇಡಿ. ಅದರ ಸಂಕೋಚನ ಹಲವು ಕ್ಯಾಮೆರಾಗಳಲ್ಲಿ ಒರಟು. ಬಿಳಿ ಸಮತೋಲನ ತಪ್ಪಿದ್ದರೆ ತಪ್ಪಿದಂತೆಯೇ ಬರುತ್ತದೆ. ಸಭಾಂಗಣದ ಹಳದಿ ದೀಪದಡಿ ತೆಗೆದ ಚಿತ್ರಗಳು, ಅಲ್ಲವೇ? ರಾದಲ್ಲಿ ತೆಗೆದದ್ದೇ ಅದನ್ನು ಆಮೇಲೆ ಸರಿಪಡಿಸುವುದಕ್ಕೆ. ಒಳಗಿನ ಜೆಪೆಗ್ ತೆಗೆದುಕೊಂಡರೆ ಆ ಅನುಕೂಲವನ್ನು ನೀವಾಗಿಯೇ ಬಿಟ್ಟುಕೊಟ್ಟಂತೆ.

ನಿಜವಾದ ಪರಿವರ್ತನೆಗೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಹಾಕಿಕೊಳ್ಳಿ. ಎರಡೂ ಮುಕ್ತ ತಂತ್ರಾಂಶಗಳು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಖಾತೆ ತೆರೆಯಬೇಕಿಲ್ಲ. ಒಂದು ಚಿತ್ರ ಸರಿಪಡಿಸಿ, ಅದೇ ತಿದ್ದುಪಡಿಯನ್ನು ಅದೇ ಬೆಳಕಿನಲ್ಲಿ ತೆಗೆದ ಉಳಿದವಕ್ಕೆ ಅಂಟಿಸಿ, ಎಲ್ಲವನ್ನೂ ಸರತಿಯಲ್ಲಿ ಹಾಕಿ ಎದ್ದು ಹೋಗಿ. ಗುಣಮಟ್ಟ 90ರಿಂದ 95ರ ನಡುವೆ ಸಾಕು. 100 ಇಟ್ಟರೆ ಕಡತ ಊದುತ್ತದೆಯೇ ಹೊರತು ಕಣ್ಣಿಗೆ ಏನೂ ಹೆಚ್ಚು ಕಾಣುವುದಿಲ್ಲ. ಬಣ್ಣದ ವ್ಯಾಪ್ತಿ ಎಸ್‌ಆರ್‌ಜಿಬಿ ಇರಲಿ. ಅಡೋಬಿ ಆರ್‌ಜಿಬಿ ಇಟ್ಟರೆ ಅದನ್ನು ಅರಿಯದ ತಂತ್ರಾಂಶಗಳಲ್ಲಿ ಎಲ್ಲರ ಮುಖವೂ ಜ್ವರ ಬಂದವರಂತೆ ಪೇಲವವಾಗುತ್ತದೆ.

ಮೊದಲ ಸಲ ತೆರೆದಾಗ ಚಿತ್ರ ಮಂಕಾಗಿ ಕಂಡರೆ ಗಾಬರಿಯಾಗಬೇಡಿ. ಕ್ಯಾಮೆರಾ ತನ್ನ ಜೆಪೆಗ್‌ಗೆ ತನ್ನದೇ ಗಾಢತೆ, ತನ್ನದೇ ಬಣ್ಣ ಬಳಿಯುತ್ತದೆ. ಆ ಪಾಕ ಪ್ರತಿ ಕಂಪನಿಯ ಗುಟ್ಟು. ರಾಥೆರಪಿ ಒಂದು ಜಾಣತನ ಮಾಡುತ್ತದೆ: ಹುದುಗಿದ ಜೆಪೆಗ್ ಅನ್ನು ನೋಡಿ ಅದಕ್ಕೆ ಹೊಂದುವ ವಕ್ರರೇಖೆಯನ್ನು ತಾನೇ ಕಂಡುಕೊಳ್ಳುತ್ತದೆ. ಹೊಸಬರಿಗೆ ಅದನ್ನೇ ಹೇಳುತ್ತೇನೆ.

ಮೂರುಕಾಲು

ಇಷ್ಟೆಲ್ಲ ಯಾಕೆ? ಬ್ರೌಸರಿನೊಳಗೇ ಪರಿವರ್ತಿಸುವ ಪುಟಗಳು ಈಗ ಇವೆ, ಕಡತ ಎಲ್ಲಿಗೂ ಹೋಗುವುದಿಲ್ಲ. ವೆಬ್‌ಅಸೆಂಬ್ಲಿ ಎಂಬ ತಂತ್ರ. ರಾ ಓದುವ ಲಿಬ್‌ರಾ ಎಂಬ ಸಂಕೇತ (ಕೋಡ್) ಭಂಡಾರವನ್ನೇ ಬ್ರೌಸರಿಗೆ ಇಳಿಸಿ, ನಿಮ್ಮ ಯಂತ್ರದ ಪ್ರೊಸೆಸರಿನಲ್ಲೇ ಓಡಿಸುತ್ತಾರೆ. ಏನನ್ನೂ ಸ್ಥಾಪಿಸಬೇಕಿಲ್ಲ. ಇವರು ಮೊದಲೇ ತಾವು ತಂತ್ರಜ್ಞರಲ್ಲ ಎಂದು ಹೇಳಿದ್ದಾರೆ, ನೀವು ಅವರನ್ನು ಆಜ್ಞೆ ಟೈಪಿಸುವ ಕಪ್ಪು ಪರದೆಯ ಮುಂದೆ ಕೂರಿಸುತ್ತಿದ್ದೀರಿ.

ಸಂಶಯಪಿಶಾಚಿ

ಯಂತ್ರದ ಒಳಗೇ ನಡೆಯುತ್ತದೆ ಎಂಬುದು ಆ ಪುಟ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು. ಪರೀಕ್ಷಿಸಿದ್ದೀರಾ?

ಮೂರುಕಾಲು

ಪರೀಕ್ಷಿಸಿದ್ದೇನೆ. ಪುಟ ಪೂರ್ತಿ ತೆರೆದುಕೊಂಡ ಮೇಲೆ ವೈಫೈ ಆರಿಸಿದೆ. ಕಡತ ಹಾಕಿದೆ. ಪರಿವರ್ತನೆಯಾಗಿ ಜೆಪೆಗ್ ಬಂತು. ಸಂಪರ್ಕವೇ ಇಲ್ಲದಾಗ ಎಲ್ಲಿಗೆ ಕಳುಹಿಸುತ್ತದೆ?

ಸಂಶಯಪಿಶಾಚಿ

ಒಳ್ಳೆಯ ಪರೀಕ್ಷೆ, ಅರ್ಧ ಪರೀಕ್ಷೆ. ಸಂಪರ್ಕವಿಲ್ಲದೆ ಕೆಲಸ ಮಾಡಬಲ್ಲದು ಎಂಬುದು ಅದರಿಂದ ಸಾಬೀತಾಯಿತು. ಸಂಪರ್ಕ ಬಂದ ಮೇಲೆ ಏನು ಮಾಡುತ್ತದೆ ಎಂಬುದು ಸಾಬೀತಾಗಲಿಲ್ಲ. ಪುಟವೊಂದು ಬ್ರೌಸರಿನ ಸಂಗ್ರಹದಲ್ಲಿ ಕಡತವನ್ನು ಇಟ್ಟುಕೊಂಡು ಆಮೇಲೆ ಕಳುಹಿಸಬಲ್ಲದು. ಇವತ್ತು ಸಾಚಾ ಆಗಿರುವ ಪುಟದ ಸಂಕೇತವನ್ನು ಅದರ ಮಾಲೀಕ ನಾಳೆ ಬೆಳಿಗ್ಗೆ ಬದಲಿಸಬಲ್ಲ, ನಿಮಗೆ ಗೊತ್ತಾಗುವುದಿಲ್ಲ. ಸ್ಥಾಪಿಸಿದ ತಂತ್ರಾಂಶ ನೀವು ಬದಲಿಸುವವರೆಗೆ ನಿನ್ನೆಯದೇ ಆಗಿರುತ್ತದೆ.

ಬ್ರೌಸರಿನಲ್ಲೇ ಮಾಡುವುದಾದರೆ ಹೀಗೆ ಮಾಡಿ. ಖಾಸಗಿ ಕಿಟಕಿ ತೆರೆಯಿರಿ, ಪುಟ ಇಳಿಯಲಿ, ಸಂಪರ್ಕ ಕಡಿಯಿರಿ. ಪರಿವರ್ತಿಸಿ, ಫಲಿತಾಂಶ ಉಳಿಸಿ, ಕಿಟಕಿಯನ್ನು ಪೂರ್ತಿ ಮುಚ್ಚಿ. ಅದಾದ ಮೇಲಷ್ಟೇ ಸಂಪರ್ಕ ಕೂಡಿಸಿ. ಖಾಸಗಿ ಕಿಟಕಿಯನ್ನು ಮುಚ್ಚಿದರೆ ಅದರ ಸಂಗ್ರಹವೂ ಅಳಿಯುತ್ತದೆ. ಕುತೂಹಲವಿದ್ದವರು ಇನ್ನೊಮ್ಮೆ, ಗುಟ್ಟಿಲ್ಲದ ಚಿತ್ರವೊಂದನ್ನು ಹಾಕಿ, ಸಂಪರ್ಕ ಇರುವಾಗಲೇ ಬ್ರೌಸರಿನ ಅಭಿವೃದ್ಧಿ ಸಾಧನಗಳ ನೆಟ್‌ವರ್ಕ್ ವಿಭಾಗವನ್ನು ತೆರೆದಿಟ್ಟುಕೊಂಡು ನೋಡಬಹುದು. 25 ಎಂಬಿಯ ಕಡತ ಹೊರಗೆ ಹೋದರೆ ಅಲ್ಲಿ ಬಚ್ಚಿಡಲು ಆಗುವುದಿಲ್ಲ.

ಮೂರುಕಾಲು

ಹೆಸರಿಗೆ ತಕ್ಕವರು ನೀವು. ಆದರೆ ನಾಳೆ ಬದಲಾಗಬಹುದು ಎಂಬ ಮಾತಿಗೆ ನನ್ನ ಬಳಿ ಉತ್ತರವಿಲ್ಲ, ಒಪ್ಪಿದೆ. ನಾಲ್ಕೈದು ಚಿತ್ರಗಳಿಗೆ ನಾನು ಅದನ್ನೇ ಬಳಸುತ್ತೇನೆ. 628ಕ್ಕೆ ಬೇಡ, ಬ್ರೌಸರ್ ಕೂಡ ಏದುಸಿರು ಬಿಡುತ್ತದೆ.

ನೆಗೆಟಿವ್‌ಡಬ್ಬಿ

ಎಲ್ಲರೂ ಮರೆತ ದಾರಿಯೊಂದಿದೆ: ಕ್ಯಾಮೆರಾ. ಹಲವು ಮಾದರಿಗಳ ಪಟ್ಟಿಯಲ್ಲಿ ರಾ ಸಂಸ್ಕರಣೆ ಎಂಬ ಆಯ್ಕೆ ಇರುತ್ತದೆ. ಕಾರ್ಡಿನಲ್ಲಿರುವ ರಾ ಕಡತವನ್ನು ಆಯ್ದು, ಬಿಳಿ ಸಮತೋಲನ ಬದಲಿಸಿ, ಹೊಳಪು ಏರಿಸಿ, ಹೊಸ ಜೆಪೆಗ್ ಆಗಿ ಕಾರ್ಡಿಗೇ ಬರೆಸಬಹುದು. ಕಂಪ್ಯೂಟರ್ ಇಲ್ಲ, ಜಾಲವಿಲ್ಲ, ತಂತ್ರಾಂಶವಿಲ್ಲ. ಬಣ್ಣವೂ ನೀವು ಪರದೆಯಲ್ಲಿ ಕಂಡದ್ದೇ. ಫ್ಯೂಜಿಫಿಲ್ಮ್‌ನವರ ಎಕ್ಸ್ ರಾ ಸ್ಟುಡಿಯೋ ಇನ್ನೂ ವಿಚಿತ್ರ: ಕಂಪ್ಯೂಟರ್ ಬರೀ ಕಿಟಕಿ, ಯುಎಸ್‌ಬಿ ತಂತಿಯ ತುದಿಯಲ್ಲಿರುವ ಕ್ಯಾಮೆರಾವೇ ಸಂಸ್ಕರಣೆ ಮಾಡುತ್ತದೆ.

ಹೆಬ್ಬೆರಳು ನೋಯುವುದೊಂದೇ ತೊಂದರೆ. ನನ್ನ ಕ್ಯಾಮೆರಾದಲ್ಲಿ ಒಂದೊಂದನ್ನೇ ಮಾಡಬೇಕು.

ತಯಾರಕರ ತಂತ್ರಾಂಶವನ್ನೂ ಹೇಳದೆ ಹೋದೆವು. ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೋ, ಕ್ಯಾನನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್. ನಿಮ್ಮ ಯಂತ್ರದಲ್ಲೇ ಪರಿವರ್ತಿಸುತ್ತವೆ, ಕ್ಯಾಮೆರಾದ ಬಣ್ಣಕ್ಕೆ ತೀರಾ ಹತ್ತಿರ ಬರುತ್ತವೆ. ಮ್ಯಾಕ್ ಇದ್ದವರಿಗೆ ಪ್ರಿವ್ಯೂ ಸಾಕು, ತೆರೆದು ಜೆಪೆಗ್ ಆಗಿ ರಫ್ತು ಮಾಡಬಹುದು.

ಎರಡನೇಶಟರ್

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಫೋನಿನ ಹೆಚ್‌ಇಐಸಿ ಕಡತಗಳೂ ರಾ ತಾನೇ? ಇದೇ ದಾರಿ ಆಗುತ್ತದೆಯೇ?

ಹಕ್ಕಿಹಿಂದೆ

ಅಲ್ಲ. ಹೆಚ್‌ಇಐಸಿ ಸಿದ್ಧ ಚಿತ್ರ, ಜೆಪೆಗ್‌ನ ಕಿರಿಯ ದಾಯಾದಿ ಎನ್ನಿ. ಫೋನಿನ ರಾ ಸಾಮಾನ್ಯವಾಗಿ ಡಿಎನ್‌ಜಿ ಆಗಿರುತ್ತದೆ. ಡಿಎನ್‌ಜಿ 2004ರಲ್ಲಿ ಅಡೋಬಿ ತಂದ ಮುಕ್ತ ವಿನ್ಯಾಸ. ಡಾರ್ಕ್‌ಟೇಬಲ್‌ನಲ್ಲೂ ರಾಥೆರಪಿಯಲ್ಲೂ ತೆರೆಯುತ್ತದೆ.

ಸಂಶಯಪಿಶಾಚಿ

ಪರಿವರ್ತನೆ ಮನೆಯೊಳಗೇ ಆಯಿತು ಎಂದು ಎಲ್ಲರೂ ಕೈ ತೊಳೆದುಕೊಳ್ಳುತ್ತಿದ್ದೀರಿ. ಹೊರಗೆ ಹೋಗುವುದು ಆ ಜೆಪೆಗ್ ಅಲ್ಲವೇ? ಅದರ ಹೊಟ್ಟೆಯಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ.

ತೆಗೆದ ದಿನ, ಗಂಟೆ, ನಿಮಿಷ. ಕ್ಯಾಮೆರಾದ ಸರಣಿ ಸಂಖ್ಯೆ, ಕೆಲವೊಮ್ಮೆ ಲೆನ್ಸಿನದೂ. ಖರೀದಿಸಿದ ದಿನ ಉತ್ಸಾಹದಲ್ಲಿ ನೀವೇ ತುಂಬಿದ ಮಾಲೀಕರ ಹೆಸರು. ಜಿಪಿಎಸ್ ಇದ್ದರೆ ನಿಂತ ಜಾಗ. ರಾದಿಂದ ಜೆಪೆಗ್ ಮಾಡುವ ತಂತ್ರಾಂಶಗಳು ಬೇಡ ಎನ್ನದಿದ್ದರೆ ಇವನ್ನು ನಿಷ್ಠೆಯಿಂದ ನಕಲಿಸುತ್ತವೆ. ಡಾರ್ಕ್‌ಟೇಬಲ್ ನೀವು ಮಾಡಿದ ತಿದ್ದುಪಡಿಗಳ ಇತಿಹಾಸವನ್ನೂ ಜೆಪೆಗ್‌ನೊಳಗೆ ಸೇರಿಸಬಲ್ಲದು. ರಫ್ತಿನ ಆಯ್ಕೆಗಳಲ್ಲಿ ಅದರ ಗುರುತನ್ನು ತೆಗೆಯಿರಿ. ರಾಥೆರಪಿಯ ಮೆಟಾಡೇಟಾ (ಇದೇ ಮಾಹಿತಿ) ವಿಭಾಗದಲ್ಲಿ ಎಲ್ಲವನ್ನೂ ಕಿತ್ತುಹಾಕು ಎಂಬ ಆಯ್ಕೆಯೇ ಇದೆ.

ಅಂಗೈಯಗಲದ ಇನ್ನೊಂದು ಬಲೆ: ಕಿರುಚಿತ್ರ. ಜೆಪೆಗ್‌ನ ಮಾಹಿತಿ ಭಾಗದಲ್ಲಿ ಸಾಮಾನ್ಯವಾಗಿ 160 × 120 ಬಿಂದುಗಳ ಪುಟ್ಟ ಪ್ರತಿಯೊಂದು ಇರುತ್ತದೆ. ದೊಡ್ಡ ಚಿತ್ರದಲ್ಲಿ ನೀವು ಮುಖವನ್ನು ಕತ್ತರಿಸಿ ತೆಗೆದಿದ್ದರೂ, ಕತ್ತರಿಸಿದ ತಂತ್ರಾಂಶ ಈ ಪುಟ್ಟದನ್ನು ಹೊಸದಾಗಿಸದೇ ಹೋದರೆ ಅದರಲ್ಲಿ ಮುಖ ಹಾಗೆಯೇ ಕುಳಿತಿರುತ್ತದೆ. ಮುಖ ಮುಚ್ಚಿದ ಚಿತ್ರದೊಳಗೆ ಮುಚ್ಚದ ಚಿತ್ರ. ನಿಮ್ಮ ಮಕ್ಕಳ ವಿಷಯದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ.

ಹಕ್ಕಿಹಿಂದೆ

ಜಿಪಿಎಸ್ ಮಾತು ಬಂದಿತಲ್ಲ, ನನ್ನ ಅವಮಾನವನ್ನೂ ಹೇಳಿಬಿಡುತ್ತೇನೆ. ಅಪರೂಪದ ಹಕ್ಕಿಯೊಂದರ ಗೂಡಿನ ಚಿತ್ರವನ್ನು ಒಂದು ಗುಂಪಿನಲ್ಲಿ ಮೂಲ ಕಡತವಾಗಿಯೇ ಹಂಚಿದೆ. ಜಾಗದ ಹೆಸರು ಬರೆದಿರಲಿಲ್ಲ, ಹಿನ್ನೆಲೆಯನ್ನೂ ಮಸುಕಾಗಿಸಿದ್ದೆ. ಬಹಳ ಜಾಣತನ ತೋರಿಸಿದೆ ಎಂದುಕೊಂಡಿದ್ದೆ. ಕ್ಯಾಮೆರಾ ನನ್ನ ಫೋನಿನಿಂದ ಸ್ಥಳ ಪಡೆದು ಬರೆದುಕೊಂಡಿತ್ತು. ಮುಂದಿನ ವಾರ ಹೋದಾಗ ಆ ಮರದ ಕೆಳಗೆ ಐದು ಜನ ಮುಕ್ಕಾಲಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹಕ್ಕಿ ಗೂಡು ಬಿಟ್ಟಿತ್ತು. ಅಂದಿನಿಂದ ಸ್ಥಳ ಬರೆಯುವ ಆಯ್ಕೆಯನ್ನು ಕ್ಯಾಮೆರಾದಲ್ಲೇ ಆರಿಸಿದ್ದೇನೆ.

ಮಸುಕುಗಾಜು

ಎರಡು ರಾತ್ರಿ ಕುಳಿತು ಮಾಡಿದೆ. ವರದಿ ಒಪ್ಪಿಸುತ್ತೇನೆ.

ಹುದುಗಿದ ಜೆಪೆಗ್‌ಗಳನ್ನು ಮೊದಲು ಹೊರತೆಗೆದೆ, ಬರೀ ಆಯ್ಕೆಗಾಗಿ. ಕಣ್ಣು ಮುಚ್ಚಿದವು, ಅಲುಗಾಡಿದವು, ಒಂದೇ ಭಂಗಿಯ ಏಳೇಳು ಪ್ರತಿಗಳು, ಎಲ್ಲ ಹೋಗಿ 210 ಉಳಿದವು. ಆ 210ನ್ನು ಮಾತ್ರ ರಾಥೆರಪಿಯಲ್ಲಿ ಹಳದಿ ಕಳೆದು ಪರಿವರ್ತಿಸಿದೆ, ಮಾಹಿತಿ ಕಿತ್ತುಹಾಕುವ ಆಯ್ಕೆಯೊಂದಿಗೆ. ವೈಫೈ ಆರಿಸಿಯೇ ಕುಳಿತಿದ್ದೆ. ಬೇಕಿರಲಿಲ್ಲವೇನೋ, ಮನಸ್ಸಿಗೆ ಹಿತವಾಗಿತ್ತು.

ಆದರೆ ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಕೇಳಿ. ಮುಗಿಸಿ ವೈಫೈ ಹಾಕಿದ ಕೂಡಲೇ ಮೂಲೆಯಲ್ಲಿದ್ದ ಮೋಡದ ಚಿಹ್ನೆ ತಿರುಗಲಾರಂಭಿಸಿತು. ನಾನು ಉಳಿಸಿದ್ದು ಚಿತ್ರಗಳು ಎಂಬ ಫೋಲ್ಡರಿನಲ್ಲಿ, ಆ ಫೋಲ್ಡರ್ ತನ್ನಷ್ಟಕ್ಕೆ ಕ್ಲೌಡ್ ಸಂಗ್ರಹಕ್ಕೆ ನಕಲಾಗುವಂತೆ ಯಾವಾಗಲೋ ಒಪ್ಪಿಗೆ ಕೊಟ್ಟಿದ್ದೆನಂತೆ! 31 ಚಿತ್ರಗಳು ಹೋದ ಮೇಲೆ ತಡೆದೆ. ಅಲ್ಲಿಂದ ಅಳಿಸಿದೆ, ಅಲ್ಲಿನ ಕಸದಬುಟ್ಟಿಯಿಂದಲೂ ಅಳಿಸಿದೆ.

ಸಾಲುಆಜ್ಞೆ

ಅಳಿಸಿದ ಮೇಲೆ ಕಸದಬುಟ್ಟಿಯನ್ನೂ ನೆನಪಿಟ್ಟುಕೊಂಡಿರಿ, ಶಹಬ್ಬಾಸ್. ಫೋನಿಗೆ ಒಂದೆರಡು ಚಿತ್ರಗಳನ್ನು ಹಾಕಿಕೊಂಡಿದ್ದರೆ ಅಲ್ಲಿನ ಗ್ಯಾಲರಿಯ ಸ್ವಯಂ ನಕಲನ್ನೂ ನೋಡಿ.

ಎಕ್ಸಿಫ್‌ಟೂಲ್ ಬಳಸುವವರಿಗೂ ಇಂಥದೇ ಒಂದು ಗುಂಡಿ ಇದೆ. ಮಾಹಿತಿಯನ್ನು ಅಳಿಸು ಎಂದಾಗ ಅದು ಎಚ್ಚರಿಕೆಗಾಗಿ ಹಳೆಯ ಕಡತವನ್ನು ಹೆಸರಿನ ಕೊನೆಗೆ ಒರಿಜಿನಲ್ ಎಂದು ಸೇರಿಸಿ ಪಕ್ಕದಲ್ಲೇ ಇಡುತ್ತದೆ. ಫೋಲ್ಡರನ್ನು ಹಾಗೆಯೇ ಪೆನ್‌ಡ್ರೈವಿಗೆ ಎಳೆದರೆ ಅಳಿಸಿದ್ದೂ ಅಳಿಸದ್ದೂ ಜೋಡಿಯಾಗಿ ಹೋಗುತ್ತವೆ. ಒಬ್ಬರಿಗೆ ಹೀಗೇ ಕೊಟ್ಟು ಪೆಚ್ಚಾಗಿದ್ದೇನೆ. ಇನ್ನೊಂದು, ಎಲ್ಲವನ್ನೂ ಅಳಿಸು ಎಂದರೆ ಬಣ್ಣಗಳನ್ನು ಹೇಗೆ ತೋರಿಸಬೇಕು ಎಂದು ಹೇಳುವ ಬಣ್ಣದ ಪ್ರೊಫೈಲನ್ನೂ ಅಳಿಸುತ್ತದೆ. ಅದನ್ನು ಬಿಟ್ಟು ಉಳಿದದ್ದು ಎಂದು ಬಿಡಿಸಿ ಹೇಳಬೇಕು.

ಎರಡನೇಶಟರ್

ಮಾಹಿತಿ ಎಲ್ಲ ತೆಗೆದರೆ ಯಾವ ಕ್ಯಾಮೆರಾದ ಚಿತ್ರ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಅಲ್ಲವೇ?

ಸಂಶಯಪಿಶಾಚಿ

ಸಾಮಾನ್ಯರಿಗೆ ಗೊತ್ತಾಗುವುದಿಲ್ಲ. ಪ್ರಯೋಗಾಲಯಕ್ಕೆ ಗೊತ್ತಾಗಬಹುದು. ಯಾವ ಎರಡು ಸಂವೇದಕಗಳ ಬಿಂದುಗಳೂ ಬೆಳಕಿಗೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಆ ಸೂಕ್ಷ್ಮ ಏರುಪೇರು ಬೆರಳಚ್ಚಿನಂತೆ ಪ್ರತಿ ಚಿತ್ರದಲ್ಲೂ ಉಳಿಯುತ್ತದೆ. ಜೆಸಿಕಾ ಫ್ರಿಡ್ರಿಕ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರಿಂದ ಕ್ಯಾಮೆರಾವನ್ನು ಗುರುತಿಸುವ ವಿಧಾನವಿದೆ, ಜೆಪೆಗ್ ಸಂಕೋಚನದ ನಂತರವೂ ಅದು ಸಿಗುತ್ತದೆ. ಹೋಲಿಸಿ ನೋಡಲು ಅದೇ ಕ್ಯಾಮೆರಾದ ಬೇರೆ ಚಿತ್ರಗಳು ಬೇಕಾಗುತ್ತವೆ. ಶಾಲೆಯ ಸಮಾರಂಭಕ್ಕೆ ಇಷ್ಟು ಯೋಚಿಸಬೇಕಿಲ್ಲ. ನಾನು ಯೋಚಿಸುತ್ತೇನೆ, ಅದು ನನ್ನ ಕಾಯಿಲೆ.

ಮೂರುಕಾಲು

ಕೊನೆಗೂ ಒಪ್ಪಿಕೊಂಡರು.

ನೆಗೆಟಿವ್‌ಡಬ್ಬಿ

ಮಸುಕುಗಾಜು ಅವರೇ, ಕಾರ್ಡ್ ಮರೆಯಬೇಡಿ. ಕ್ಯಾಮೆರಾದಲ್ಲಿ ಅಳಿಸಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಚಿತ್ರ ಅಲ್ಲೇ ಇರುತ್ತದೆ. ಮರುಗಳಿಕೆ ತಂತ್ರಾಂಶ ಅದನ್ನು ಎಬ್ಬಿಸುತ್ತದೆ. ಯಾರಿಗಾದರೂ ಕಾರ್ಡ್ ಕೊಡುವ ಮೊದಲು ಬೇರೇನಾದರೂ ತೆಗೆದು ಕಾರ್ಡನ್ನು ಅಂಚಿನವರೆಗೆ ತುಂಬಿಸಿ. ಗೋಡೆಯ ಚಿತ್ರವಾದರೂ ಸರಿ.

ರಾ ಕಡತಗಳನ್ನು ಏನು ಮಾಡಿದಿರಿ?

ಮಸುಕುಗಾಜು

ಶಾಲೆಯವರನ್ನು ಕೇಳಿದೆ. ಜಾಲತಾಣಕ್ಕೆ ಹೋದ ಹನ್ನೆರಡು, ಕ್ಲೌಡಿಗೆ ಹೋದ 31, ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಮುಖ್ಯೋಪಾಧ್ಯಾಯಿನಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹನ್ನೆರಡರಲ್ಲಿ ಯಾವ ಮಕ್ಕಳಿದ್ದಾರೆ ಎಂದು ಪಟ್ಟಿ ಕೇಳಿದರು. ಬರೆದುಕೊಟ್ಟೆ. ಆ ಮಕ್ಕಳ ಪೋಷಕರಿಗೆ ತಾವೇ ಹೇಳುತ್ತೇವೆ ಎಂದರು.

ಜೆಪೆಗ್‌ಗಳು ಪೆನ್‌ಡ್ರೈವಿನಲ್ಲಿ ಶಾಲೆಗೆ ಹೋದವು. ರಾ ಕಡತಗಳನ್ನು ಗೂಢಲಿಪೀಕರಿಸಿದ ಹಾರ್ಡ್‌ಡಿಸ್ಕ್ ಒಂದರಲ್ಲಿ ಇಟ್ಟಿದ್ದೇನೆ, ಒಂದು ವರ್ಷ ಇಟ್ಟು ಅಳಿಸಿ ಎಂದಿದ್ದಾರೆ. ಆ ತಾಣಕ್ಕೆ ಬರೆದ ಮಿಂಚಂಚೆಗೆ ಸ್ವಯಂಚಾಲಿತ ಉತ್ತರವೊಂದು ಬಂದಿದೆ: ನಿಮ್ಮ ಕೋರಿಕೆ ನಮಗೆ ಮುಖ್ಯ. ಕಾಯುತ್ತಿದ್ದೇನೆ.

ಮುಂದಿನ ತಿಂಗಳ ಕ್ರೀಡಾಕೂಟಕ್ಕೂ ಕರೆದಿದ್ದಾರೆ. ಈ ಸಲ ಕ್ಯಾಮೆರಾವನ್ನು ರಾ ಜೊತೆಗೆ ಜೆಪೆಗ್‌ಗೆ ಇಟ್ಟಿದ್ದೇನೆ, ಮಾಲೀಕರ ಹೆಸರಿನ ಜಾಗವನ್ನು ಖಾಲಿ ಮಾಡಿದ್ದೇನೆ. ಕಾರ್ಡ್ ತುಂಬಿಸಲು ಗೋಡೆಯ ಚಿತ್ರ ತೆಗೆಯುತ್ತಿದ್ದೆ, 400 ದಾಟಿದೆ. ಮನೆಯವರು ಏನಾಗಿದೆ ನಿಮಗೆ ಎಂದು ಕೇಳುತ್ತಿದ್ದಾರೆ.